ಮನೆಯೊಳಗಿನ ಸಂದರ್ಶನ

ನಮ್ಮ ಶಾಲೆಯನ್ನು ಬಿಟ್ಟು ಕಾಲೇಜು ವಿದ್ಯಾಭ್ಯಾಸವನ್ನು ಮುಗಿಸಿದ ಹುಡುಗಿಯರು ಕೆಲಸಕ್ಕೆ ಅರ್ಜಿ ಹಾಕುವಾಗ ನಮ್ಮ ಬಳಿಗೆ ಬಂದು ಆಲೋಚನೆ ಕೇಳುವದುಂಟು. ಪರವೂರಿಗೆ ಹೋಗುವದು ಹೇಗೆ, ಜತೆಗೆ ಬರುವವರಾರು ಎಂಬವೇ ಮುಂಚೆ ಅವರ ಚಿಂತೆಗಳಾಗಿದ್ದವು. 2020ರಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಕಚೇರಿಗಳು ಮುಚ್ಚಿದ ತರುವಾಯ ಅನೇಕ ಕಂಪೆನಿಗಳು ಮೊದಲ ಸುತ್ತಿನ ಸಂದರ್ಶನವನ್ನು ಜೂಮ್, ಗೂಗಲ್ ಮೀಟ್ ಮುಂತಾದವುಗಳ ಮೂಲಕವೇ ನಡಿಸುತ್ತಿವೆ. ಇದರಿಂದ ಪ್ರಯಾಣವೂ ವೆಚ್ಚವೂ ಉಳಿದದ್ದು ನಿಜ. ಆದರೆ ಸಂದರ್ಶನವು ಮನೆಯೊಳಕ್ಕೆ ಬಂದದ್ದರಿಂದ ಮನೆಯವರಿಗೂ ಅದರಲ್ಲಿ ಪಾಲುಂಟಾಯಿತು. ಹೆತ್ತವರೂ ಇದನ್ನು ಓದಬೇಕೆಂದು ನಾವು ಅಪೇಕ್ಷಿಸುವದು ಅದಕ್ಕಾಗಿಯೇ.

ನಾವು ಬಲ್ಲ ಒಬ್ಬ ಹುಡುಗಿಯುಂಟು. ವಾಣಿಜ್ಯ ಪದವೀಧರೆ, ಲೆಕ್ಕದಲ್ಲಿ ಬಹು ಚುರುಕು. ಸಂದರ್ಶನದ ಹೊತ್ತಿಗೆ ತಂದೆಯವರು ಪ್ರೀತಿಯಿಂದಲೇ ಮಗ್ಗುಲಲ್ಲಿ ಕುಳಿತು, ಪ್ರತಿಯೊಂದು ಪ್ರಶ್ನೆಗೂ ಮೆಲ್ಲನೆ ಉತ್ತರ ಹೇಳಿಕೊಟ್ಟರು. ಅವಳ ಕಣ್ಣು ಪದೇ ಪದೇ ಆ ಕಡೆಗೆ ಹೊರಳಿತು. ಪಿಸುಮಾತು ಆಚೆಗೂ ಕೇಳಿಸಿತು. "ನಿಮ್ಮ ಸಂಗಡ ಯಾರಿದ್ದಾರೆ?" ಎಂದು ಕೇಳಿದವರು ನಾಲ್ಕೇ ನಿಮಿಷಗಳಲ್ಲಿ ಮುಗಿಸಿಬಿಟ್ಟರು. ಉತ್ತರಗಳೆಲ್ಲಾ ಅವಳಿಗೇ ಗೊತ್ತಿದ್ದವು! ಆಮೇಲೆ ಎರಡು ತಿಂಗಳು ಅವಳು ಯಾವ ಅರ್ಜಿಯನ್ನೂ ಹಾಕಲಿಲ್ಲ.

ಅವಳನ್ನು ಶನಿವಾರಗಳಲ್ಲಿ ಶಾಲೆಗೆ ಕರೆಯಿಸಿದೆವು. ಒಂದು ಕೋಣೆಯಲ್ಲಿ ಅವಳು, ಇನ್ನೊಂದರಲ್ಲಿ ನಾವು. ಮೊಬೈಲನ್ನು ಕೈಯಲ್ಲಿ ಹಿಡಿಯದೆ, ಪುಸ್ತಕಗಳನ್ನು ಪೇರಿಸಿ, ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುವಂತೆ ನಿಲ್ಲಿಸತಕ್ಕದ್ದು. (ನಮ್ಮ ದಪ್ಪ ನಿಘಂಟಿಗೆ ಹೀಗೆ ಹೊಸದೊಂದು ಉಪಯೋಗವಾಯಿತು.) ಕಿಟಕಿಯು ಬೆನ್ನ ಹಿಂದೆ ಇದ್ದರೆ ಮುಖವು ಕಪ್ಪಾಗಿ ಕಾಣುವದು, ಅದು ಎದುರಿಗಿರಬೇಕು. ಮಾತಾಡುವಾಗ ಪರದೆಯ ಚಿತ್ರವನ್ನಲ್ಲ, ಕ್ಯಾಮೆರಾವನ್ನೇ ನೋಡಿದರೆ ಕೇಳುವವರಿಗೆ ತಮ್ಮನ್ನೇ ನೋಡಿದಂತೆ ತೋರುವದು. ಧ್ವನಿಯು ಅತ್ತ ತಲಪಲು ತುಸು ತಡವಾಗುವದರಿಂದ, ಪ್ರಶ್ನೆ ಮುಗಿದ ಮೇಲೆ ಒಂದು ಕ್ಷಣ ಬಿಟ್ಟು ಉತ್ತರಿಸಬೇಕು.

ಇವೆಲ್ಲಾ ಒಂದೇ ದಿನದಲ್ಲಿ ಬಂದವು. ಕಷ್ಟವಾದದ್ದು ಬೇರೆ. "ನಿಮ್ಮ ವಿಷಯ ಹೇಳಿರಿ" ಎಂದೊಡನೆ ಅವಳು ಯೂಟ್ಯೂಬಿನಿಂದ ಬಾಯಿಪಾಠ ಮಾಡಿದ ಇಂಗ್ಲಿಷ್ ವಾಕ್ಯಗಳನ್ನು ಒಪ್ಪಿಸುತ್ತಿದ್ದಳು: ತಾನು ಶ್ರಮಶೀಲೆ, ಪ್ರಾಮಾಣಿಕಳು ಇತ್ಯಾದಿ. ಅದನ್ನು ಯಾರು ತಾನೇ ಹೇಳಲಾರರು? ಕೆದಕಿ ಕೇಳಿದಾಗ, ತಾಯಿಯವರ ಸ್ತ್ರೀಶಕ್ತಿ ಸಂಘದ ಲೆಕ್ಕವನ್ನು ಎರಡು ವರುಷ ತಾನೇ ಬರೆದದ್ದಾಗಿಯೂ, ಒಮ್ಮೆ 340 ರೂಪಾಯಿಯ ವ್ಯತ್ಯಾಸ ಬರಲು ಹಳೆಯ ರಸೀತಿಗಳನ್ನೆಲ್ಲಾ ತಾಳೆ ನೋಡಿ ತಪ್ಪನ್ನು ಹಿಡಿದದ್ದಾಗಿಯೂ ನಾಚುತ್ತಾ ಹೇಳಿದಳು. ಹೇಳಬೇಕಾದದ್ದು ಅದೇ! ಏನಾಗಿತ್ತು, ತನ್ನ ಪಾಲಿಗೆ ಬಂದ ಕೆಲಸವೇನು, ತಾನು ಮಾಡಿದ್ದೇನು, ಫಲವೇನು ಎಂಬ ಕ್ರಮದಲ್ಲಿ ಎರಡು ನಿಮಿಷ ಹೇಳುವ ಅಭ್ಯಾಸ ಮಾಡಿಸಿದೆವು. ಕೆಲವು ಕಂಪೆನಿಗಳಲ್ಲಿ ಎದುರಿಗೆ ಮನುಷ್ಯರೇ ಇರುವದಿಲ್ಲ. ಪ್ರಶ್ನೆಯು ಪರದೆಯ ಮೇಲೆ ಮೂಡುವದು, ಗೊತ್ತಾದ ಸಮಯದೊಳಗೆ ಉತ್ತರವು ಮುದ್ರಣವಾಗುವದು. ಅದಕ್ಕಾಗಿ ಬರಿಯ ಮೊಬೈಲಿನ ಮುಂದೆಯೂ ಮಾತಾಡಿಸಿದೆವು.

ಇನ್ನೊಂದು ಮಾತು. ಸಂದರ್ಶನಕ್ಕೆಂದೋ ತರಬೇತಿಗೆಂದೋ ಮುಂಗಡ ಹಣ ಕೇಳುವವರನ್ನು ನಂಬತಕ್ಕದ್ದಲ್ಲ. ಮೋಸಹೋಗಿ ಹಣ ಕೊಟ್ಟಿದ್ದರೆ ಕೂಡಲೇ 1930ಕ್ಕೆ ದೂರು ಕೊಡಬೇಕು.

ಮುಂದಿನ ಸಂದರ್ಶನದ ದಿವಸ ತಂದೆಯವರು ಜಗಲಿಯಲ್ಲಿ ಕುಳಿತು, ಬಂದ ನೆರೆಯವರನ್ನು ಅಲ್ಲಿಯೇ ಮಾತಾಡಿಸಿ ಕಳುಹಿಸಿದರಂತೆ. ಆ ಕೆಲಸ ಅವಳಿಗೆ ದೊರೆಯಲಿಲ್ಲ. ಅದರ ಮುಂದಿನದು ದೊರೆಯಿತು. ಶನಿವಾರದ ಅಭ್ಯಾಸವು ಈಗಲೂ ನಡೆಯುತ್ತಿದೆ. ಬರುವವರು ತಮ್ಮ ಮೊಬೈಲನ್ನೂ ಇಯರ್‌ಫೋನನ್ನೂ ತರತಕ್ಕದ್ದು.