ದವಾಖಾನೆಯ ಸಾಲಿನಲ್ಲಿ ಜೋಗಪ್ಪ

ಆಲಮೇಲ, ಇಂಡಿ, ಸಿಂದಗಿಗಳ ಕಡೆಯ ಗೃಹಸ್ಥರಿಗೆ ಜೋಗಪ್ಪನೆಂದರೆ ಯಾರೆಂಬುದನ್ನು ತಿಳಿಸಿಹೇಳುವ ಅವಶ್ಯಕತೆಯಿಲ್ಲ. ಗಂಡಾಗಿ ಹುಟ್ಟಿ, ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು ಚೌಡಿಕೆ ಹಿಡಿದು ಬಾಗಿಲಿಗೆ ಬಂದವರಿಗೆ ಜೋಳ ನೀಡಿ ಕೈಮುಗಿಯುವುದು ನಮ್ಮ ಮನೆಗಳಲ್ಲಿ ನಡೆದುಬಂದ ರೂಢಿ.

ಅದೇ ಜೋಗಪ್ಪನು ಜ್ವರದಿಂದ ನರಳುತ್ತ ದವಾಖಾನೆಯ ಸಾಲಿನಲ್ಲಿ ಬಂದು ನಿಂತಾಗ ಆಗುವುದೇ ಬೇರೆ. ಗಂಡಸರ ಸಾಲಿನವರು ನಗುವರು. ಹೆಂಗಸರ ಸಾಲಿನವರು ಮಕ್ಕಳನ್ನೆಳೆದುಕೊಂಡು ಸರಿದು ನಿಲ್ಲುವರು. ಚೀಟಿ ಬರೆಯುವವನು ಹಳೆಯ ಕಾಗದದೊಳಗಿನ ಗಂಡುಹೆಸರನ್ನೇ ಎಲ್ಲರಿಗೂ ಕೇಳುವಂತೆ ಕೂಗುವನು. ಒಳಗೆ ಸೇರಿಸಿಕೊಳ್ಳುವ ಪ್ರಸಂಗ ಬಂದರಂತೂ ಯಾವ ವಾರ್ಡಿನಲ್ಲಿ ಮಂಚ ಕೊಡತಕ್ಕದ್ದೆಂಬ ಚರ್ಚೆ ರೋಗಿಯ ಎದುರಿಗೇ ನಡೆಯುವುದು. ಇಷ್ಟನ್ನು ಒಮ್ಮೆ ಉಂಡವರು ಎರಡನೆಯ ಸಲ ಬರುವರೆ? ಔಷಧದಂಗಡಿಯ ಗುಳಿಗೆ ನುಂಗಿ ದಿನ ಕಳೆಯುವರು. ಕೆಮ್ಮು ಕ್ಷಯದ್ದೆಂದು ತಿಳಿಯುವಷ್ಟರಲ್ಲಿ ತಿಂಗಳುಗಳು ಕಳೆದಿರುವುವು.

ಸಾಮಾನ್ಯವಾಗಿ ಜೋಗಪ್ಪಂದಿರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲ. ಆದುದರಿಂದ ಮುಪ್ಪಿನಲ್ಲಿ ಗಂಡಸರಿಗೆ ಬರುವ ಮೂತ್ರ ಕಟ್ಟುವ ರೋಗವು ಅವರಿಗೂ ಬರುತ್ತದೆ. ಸೀರೆಯುಟ್ಟ ಮುದುಕರೊಬ್ಬರು ಈ ಬೇನೆಯನ್ನು ಹತ್ತು ಜನರೆದುರಿಗೆ ಹೇಗೆ ಹೇಳಿಕೊಂಡಾರು? ಪರದೆಯ ಮರೆಯಲ್ಲಿ ಮೆಲುದನಿಯಿಂದ ಕೇಳುವ ಡಾಕ್ಟರು ಬೇಕು. ಬೇನೆಗೆ ಸಂಬಂಧಿಸಿದಷ್ಟನ್ನೇ ಕೇಳುವವರು ಬೇಕು. ಕುತೂಹಲಕ್ಕಾಗಿ ಕೇಳುವ ಪ್ರಶ್ನೆಗಳಿಂದ ಯಾವ ರೋಗವೂ ವಾಸಿಯಾದುದನ್ನು ನಾವು ಕೇಳಿಲ್ಲ.

ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ಕೊಟ್ಟ ತೀರ್ಪಿನಲ್ಲಿ ಇಂಥವರನ್ನು ಮೂರನೆಯ ಲಿಂಗದವರೆಂದು ಮನ್ನಿಸಿ, ಆಸ್ಪತ್ರೆಗಳಲ್ಲಿ ತಕ್ಕ ಆರೈಕೆ ದೊರಕಿಸಬೇಕೆಂದು ಸರಕಾರಗಳಿಗೆ ಆಜ್ಞಾಪಿಸಿತು. ಆ ತೀರ್ಪಿನಲ್ಲಿ ನಮ್ಮ ಜೋಗಪ್ಪಂದಿರ ಪ್ರಸ್ತಾಪವೂ ಉಂಟು. ಕರ್ನಾಟಕ ಸರಕಾರವು 2017ರಲ್ಲಿ ಇವರಿಗಾಗಿ ಒಂದು ನೀತಿಯನ್ನು ಒಪ್ಪಿಕೊಂಡಿತು. 2022ರಲ್ಲಿ ಕೇಂದ್ರ ಸರಕಾರದವರು ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ಏರ್ಪಾಟನ್ನು ಆಯುಷ್ಮಾನ್ ಭಾರತದೊಳಗೆ ಪ್ರಕಟಿಸಿದರು. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ದೊರೆತುದನ್ನೂ, ಅವರು ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದುದನ್ನೂ ಕಂಡು ಊರೂರಿನವರು ಹಿಗ್ಗಿದರು. ದಿಲ್ಲಿಯಲ್ಲಿ ಸಂದ ಆ ಮರ್ಯಾದೆ ನಮ್ಮ ಚೀಟಿಯ ಕಿಟಕಿಯವರೆಗೆ ಇನ್ನೂ ಬಂದು ಮುಟ್ಟಿಲ್ಲ.

ಮುಟ್ಟಿಸುವುದಕ್ಕೆ ಹಣ ಬೇಕಾಗಿಲ್ಲ. "ಯವ್ವಾ, ಏನಂತ ಹೆಸರು ಬರೀಲಿ?" ಎಂದು ಕೇಳಿ ಬರೆದುಕೊಂಡರಾಯಿತು. ಹೆಸರು ಕೂಗುವ ಬದಲು ನಂಬರು ಕೂಗಬಹುದು. ಯಾವ ವಾರ್ಡಿನಲ್ಲಿ ಇರಲು ಇಷ್ಟವೆಂಬುದನ್ನು ರೋಗಿಯನ್ನೇ ಬದಿಗೆ ಕರೆದು ಕೇಳಬಹುದು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ಜೋಗಪ್ಪನ ಮನೆಯನ್ನು ದಾಟಿ ಮುಂದೆ ಹೋಗಬಾರದು.

ಇನ್ನೊಂದು ಬಗೆಯ ರೋಗಿಗಳು ನಮ್ಮ ಮನೆಗಳೊಳಗೇ ಇರುವರು. ನಿಜವಾಗಿ ನೋಡಿದರೆ ಅವರು ರೋಗಿಗಳೇ ಅಲ್ಲ. ಗಂಡಿಗೆ ಗಂಡಿನ ಮೇಲೆ, ಹೆಣ್ಣಿಗೆ ಹೆಣ್ಣಿನ ಮೇಲೆ ಮನಸ್ಸಾಗುವುದು ಬೇನೆಯೆಂದು ಬಗೆದು, ಮಕ್ಕಳನ್ನು ವೈದ್ಯರಲ್ಲಿಗೆ ಎಳೆದೊಯ್ಯುವ ತಂದೆತಾಯಿಗಳುಂಟು. "ಮದುವೆ ಮಾಡಿರಿ, ಎಲ್ಲ ನೆಟ್ಟಗಾಗುತ್ತದೆ" ಎಂದು ಸಲಹೆ ಕೊಡುವ ಹಿರಿಯರೂ ಉಂಟು. ಆ ಸಲಹೆಯಿಂದ ಎರಡು ಮನೆಗಳು ಕೆಡುವುವು. ಜಾಗತಿಕ ಆರೋಗ್ಯ ಸಂಸ್ಥೆಯು 1990ರಲ್ಲಿಯೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಇದು ಅಪರಾಧವಲ್ಲವೆಂದು ತೀರ್ಮಾನಿಸಿತು. ಇದನ್ನು ವಾಸಿಮಾಡುವೆನೆಂದು ಹೊರಡುವ ವೈದ್ಯನದು ವೃತ್ತಿದ್ರೋಹವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದವರು 2022ರಲ್ಲಿ ಸಾರಿದರು. ಅಂತಹ ಭರವಸೆ ಕೊಟ್ಟು ಹಣ ಕೇಳುವವರಲ್ಲಿಗೆ ವಾಚಕರು ಮಕ್ಕಳನ್ನು ಒಯ್ಯಕೂಡದು. ಮಗನೋ ಮಗಳೋ ಅನ್ನ ನಿದ್ದೆ ಬಿಟ್ಟು ಕೊರಗುತ್ತಿದ್ದರೆ, ಆ ಕೊರಗಿಗಾಗಿ ಮನೋವೈದ್ಯರನ್ನು ಕಾಣುವುದು ಬೇರೆ ಮಾತು, ಅವಶ್ಯವಾದ ಮಾತು.

ಮೇಲೆ ಹೇಳಿದ 5 ಲಕ್ಷದ ಏರ್ಪಾಟಿಗೆ ಜಿಲ್ಲಾಧಿಕಾರಿಗಳ ಪ್ರಮಾಣಪತ್ರವನ್ನು ಆಧಾರವಾಗಿಟ್ಟಿದ್ದರು. ಭೀಮೆಯ ದಂಡೆಯ ಹಳ್ಳಿಯೊಂದರಿಂದ, ಓದುಬರಹವಿಲ್ಲದವರು, ವಿಜಯಪುರದ ಕಚೇರಿಗೆ ಹೋಗಿ ಯಾರನ್ನು ಕೇಳಬೇಕು? ಅಕ್ಷರ ಬಲ್ಲ ನಮ್ಮ ವಾಚಕರಲ್ಲಿ ಯಾರಾದರೂ, ಮುಂದಿನ ಸಲ ಜೋಗಪ್ಪ ಬಾಗಿಲಿಗೆ ಬಂದಾಗ, ಜೋಳ ನೀಡಿದ ಮೇಲೆ ಕಟ್ಟೆಯ ಮೇಲೆ ಕೂಡಿಸಿ, ಪ್ರಮಾಣಪತ್ರವಾಗಿದೆಯೇ ಎಂದು ವಿಚಾರಿಸಲಿ. ಆಗಿರದಿದ್ದರೆ ಅರ್ಜಿಯನ್ನು ಬರೆದುಕೊಡಲಿ.