ಮದುವೆ ಕೇಕ್ ಡಿಸೈನ್ ಆರಿಸೋ ಮುಂಚೆ ಮಂಟಪದ ಬಿಸಿಲು ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಮದುವೆ ಕೇಕ್ ವಿಷಯ.

ಮಂಗಳೂರಲ್ಲಿ ನನ್ನ ಫ್ರೆಂಡ್ ಮದುವೆ. ಮೇ ತಿಂಗಳು, ಬಯಲಲ್ಲಿ ರಿಸೆಪ್ಷನ್. ಅಲ್ಲಿನ ಕ್ಯಾಥೊಲಿಕ್ ಮದುವೆಗಳಲ್ಲಿ ಕೇಕ್ ಕಟ್ ಮಾಡೋದು, ಟೋಸ್ಟ್ ಎತ್ತೋದು ಎಲ್ಲರೂ ಕಾಯೋ ಕ್ಷಣ. ಅವಳು ಆರು ತಿಂಗಳ ಮುಂಚೆನೇ ಫೋಟೋ ಸೇವ್ ಮಾಡಿಟ್ಟಿದ್ಲು: ಮೂರು ಮಹಡಿ, ಬಿಳಿ ಕ್ರೀಮ್, ಪಕ್ಕದಲ್ಲಿ ಇಳಿಬಿದ್ದ ಗುಲಾಬಿ. ಬೇಕರಿಯವರು ಹಾಗೇ ಮಾಡಿ ಐದೂವರೆಗೆ ತಂದಿಟ್ರು. ಮದುಮಕ್ಕಳು ಫೋಟೋ ಮುಗಿಸಿ ಬಂದಾಗ ಏಳೂಕಾಲು. ಅಷ್ಟೊತ್ತಿಗೆ ಮೇಲಿನ ಮಹಡಿ ಒಂದು ಕಡೆ ವಾಲಿ, ಗುಲಾಬಿಗಳು ಜಾರಿ ತಟ್ಟೆಗೆ ಬಂದಿದ್ವು. ಅವಳು ನಗ್ತಾನೇ ಕಟ್ ಮಾಡಿದ್ಲು. ಆದ್ರೆ ಈಗ್ಲೂ ಆಲ್ಬಮ್ ತೋರಿಸುವಾಗ ಆ ಪುಟ ಬೇಗ ತಿರುಗಿಸ್ತಾಳೆ.

ತಪ್ಪು ಬೇಕರಿಯವರದ್ದಾ? ಸ್ವಲ್ಪ ಹೌದು. ಆದ್ರೆ ಕೇಕ್ ಎಲ್ಲಿ ಇಡ್ತೀವಿ, ಎಷ್ಟು ಹೊತ್ತು ನಿಲ್ಲಬೇಕು ಅಂತ ನಾವೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಈ ಬಿಳಿ ಮದುವೆ ಕೇಕ್ ಎಲ್ಲಿಂದ ಬಂತು ನೋಡಿ. 1840ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯ ಮದುವೆ ಆಯ್ತು. ಆ ಕೇಕ್ ಸುಮಾರು 300 ಪೌಂಡ್, ಅಂದ್ರೆ 136 ಕಿಲೋ ತೂಗ್ತಿತ್ತು. ಒಳಗೆ ಒಣಹಣ್ಣಿನ ಗಟ್ಟಿ ಪ್ಲಮ್ ಕೇಕ್, ಹೊರಗೆ ಸಕ್ಕರೆಯ ಬಿಳಿ ಹೊದಿಕೆ. ಮೊಟ್ಟೆಯ ಬಿಳಿಗೆ ಸಕ್ಕರೆ ಪುಡಿ ಬೆರೆಸಿ ಮಾಡುವ ಆ ಲೇಪಕ್ಕೆ ಇವತ್ತಿಗೂ ರಾಯಲ್ ಐಸಿಂಗ್ ಅಂತಲೇ ಹೆಸರು. ಒಣಗಿದ್ರೆ ಸುಣ್ಣದ ಗೋಡೆ ಥರ ಗಟ್ಟಿ. ಮಹಡಿ ಮೇಲೆ ಮಹಡಿ ಕಟ್ಟೋ ಫ್ಯಾಷನ್ ಆಮೇಲೆ ಬಂತು. ಆ ಕೇಕಿನ ಚೂರುಗಳು ಇವತ್ತಿಗೂ ಉಳಿದಿವೆ, ಯೋಚನೆ ಮಾಡಿ!

ಅಂದ್ರೆ ಆ ರೂಪ ಹುಟ್ಟಿದ್ದು ಗಟ್ಟಿ ಕೇಕಿಗೆ, ಚಳಿ ದೇಶದಲ್ಲಿ. ನಾವು ರೂಪ ಮಾತ್ರ ತಗೊಂಡು ಒಳಗೆ ಮೆತ್ತಗಿನ ಸ್ಪಂಜ್, ಹೊರಗೆ ಕ್ರೀಮ್ ಹಾಕಿ ಕರಾವಳಿಯ ಮೇ ತಿಂಗಳಲ್ಲಿ ನಿಲ್ಲಿಸ್ತೀವಿ. ಬೆಣ್ಣೆ ಕರಗೋದು 32ರಿಂದ 35 ಡಿಗ್ರಿಯಲ್ಲಿ, ಅದಕ್ಕೂ ಮುಂಚೆನೇ ಮೆತ್ತಗಾಗಿರುತ್ತೆ. ಹಾಗಾಗಿ ಬೆಣ್ಣೆ ಕ್ರೀಮ್ ಎಸಿ ಹಾಲ್‌ಗೆ ಸರಿ, ಬಯಲಿಗೆ ಬೇಡ. ವಿಪ್ಡ್ ಕ್ರೀಮ್ ಇನ್ನೂ ನಾಜೂಕು, ಫ್ರಿಜ್ಜಿನಿಂದ ತೆಗೆದ ಸ್ವಲ್ಪ ಹೊತ್ತಿಗೇ ಕತ್ತರಿಸಬೇಕು.

ಫಾಂಡೆಂಟ್ ಇದೆಯಲ್ಲ, ಹಿಟ್ಟು ಲಟ್ಟಿಸಿದ ಹಾಗೆ ಲಟ್ಟಿಸಿ ಹೊದಿಸ್ತಾರಲ್ಲ ಆ ಸಕ್ಕರೆ ಹಾಳೆ, ಅದು ಸೆಖೆಯನ್ನ ಕ್ರೀಮಿಗಿಂತ ಚೆನ್ನಾಗಿ ತಡೆಯುತ್ತೆ. ಆದ್ರೆ ಅದರ ಶತ್ರು ತೇವ. ಫ್ರಿಜ್ಜಿನಿಂದ ಸೀದಾ ಕರಾವಳಿ ಗಾಳಿಗೆ ತಂದ್ರೆ ಬೆವರುತ್ತೆ, ಗಾಢ ಬಣ್ಣ ಇಳಿಯುತ್ತೆ. ರುಚಿನೂ, ನಾನು ಹೇಳ್ತೀನಿ, ಬರೀ ಸಿಹಿ. ತುಂಬಾ ಜನ ಸಿಪ್ಪೆ ಥರ ಸುಲಿದು ಪಕ್ಕಕ್ಕಿಡ್ತಾರೆ.

ಎತ್ತರ ಬೇಕೇ ಬೇಕು ಅಂದ್ರೆ ಎರಡು ಪ್ರಶ್ನೆ ಕೇಳಿ. ಪ್ರತಿ ಮಹಡಿ ಕೆಳಗೂ ರಟ್ಟು, ಅದರ ಕೆಳಗೆ ಆಸರೆ ಕಡ್ಡಿ ಹಾಕ್ತೀರಾ? ಮೇಲಿನ ಮಹಡಿಗಳನ್ನ ಜಾಗಕ್ಕೆ ಬಂದು ಜೋಡಿಸ್ತೀರಾ? ಸ್ಪಂಜ್ ಮೇಲೆ ಸ್ಪಂಜ್ ಸುಮ್ಮನೆ ಕೂರಲ್ಲ, ಭಾರವೆಲ್ಲ ಆ ಕಡ್ಡಿಗಳ ಮೇಲೆ. ಮೂರೂ ಮಹಡಿ ಕಟ್ಟಿಕೊಂಡೇ ಕಾರಲ್ಲಿ ತಂದ್ರೆ ರೋಡ್ ಹಂಪ್‌ಗಳು ನಿಮ್ಮ ಡಿಸೈನ್ ಬದಲಾಯಿಸಿಬಿಡ್ತವೆ.

ಇನ್ನೊಂದು ದಾರಿ, ಮೇಲಿನ ಮಹಡಿಗಳು ಥರ್ಮಾಕೋಲ್. ಕೆಳಗಿನದು ಮಾತ್ರ ನಿಜವಾದ ಕೇಕ್, ಅತಿಥಿಗಳಿಗೆ ಹಂಚೋದು ಅದೇ ರುಚಿಯ ಸಾದಾ ಕೇಕ್, ಒಳಗೆ ತಣ್ಣಗೆ ಇಟ್ಟಿರೋದು. ಇದು ಮೋಸ ಅಂತ ನನಗನಿಸಲ್ಲ. 40 ಗ್ರಾಂ ತುಂಡು ಅಂತ ಲೆಕ್ಕ ಹಾಕಿದ್ರೂ 300 ಜನಕ್ಕೆ 12 ಕಿಲೋ ಬೇಕು, ಅಷ್ಟನ್ನೂ ಅಲಂಕಾರ ಮಾಡಿ ಸ್ಟೇಜ್ ಮೇಲೆ ಯಾಕೆ ಬಿಸಿ ಮಾಡ್ಬೇಕು? ಅಲಂಕಾರದ ಕೂಲಿ ಮಾತ್ರ ಥರ್ಮಾಕೋಲ್‌ಗೂ ಬೀಳುತ್ತೆ, ಮೊದಲೇ ಮಾತಾಡ್ಕೊಳ್ಳಿ. ಮೊಟ್ಟೆ ತಿನ್ನದ ನೆಂಟರಿದ್ರೆ ಎಗ್‌ಲೆಸ್ ಎಷ್ಟು ಕಿಲೋ ಅಂತಾನೂ ಆಗಲೇ ಹೇಳ್ಬಿಡಿ.

ಹಾಂ, ಹೂವು. ಕಣಗಿಲೆ ಕೇಕ್ ಹತ್ತಿರ ಕೂಡ ಬೇಡ, ಅದರ ಎಲೆ, ಹೂವು, ಹಾಲು ಎಲ್ಲಾ ವಿಷ. ಮಾರ್ಕೆಟ್ ಗುಲಾಬಿಗೆ ಔಷಧಿ ಹೊಡೆದಿರ್ತಾರೆ, ಅದನ್ನ ಕ್ರೀಮಿಗೆ ಚುಚ್ಚೋ ಬದಲು ಸಕ್ಕರೆ ಹೂ ಮಾಡಿಸಿ.

ಅದೇ ಫ್ರೆಂಡ್ ತಮ್ಮನ ಮದುವೆಗೆ ಥರ್ಮಾಕೋಲ್ ಉಪಾಯವೇ ಮಾಡಿದ್ವಿ. ರಾತ್ರಿ ಹತ್ತಾದ್ರೂ ಕೇಕ್ ನೆಟ್ಟಗೆ ನಿಂತಿತ್ತು. ಹೊರಡುವಾಗ ಒಬ್ರು ಆಂಟಿ ಬಂದು, "ಮೇಲಿನ ಎರಡು ಯಾರೂ ಮುಟ್ಟೇ ಇಲ್ಲ, ಮಕ್ಕಳಿಗೆ ಸ್ವಲ್ಪ ಪಾರ್ಸೆಲ್ ಕೊಡಿ ಮಾರಾಯ್ರೆ" ಅಂದ್ರು.

ನಿಮ್ಮ ಮದುವೆ ಕೇಕ್ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಸಿಗೋಣ.