ವಯನಾಡಿನ ವೃದ್ಧಾಶ್ರಮಗಳಲ್ಲಿ ಖಿನ್ನತೆ: ಪ್ರಶ್ನಾವಳಿಗೆ ಸಿಗದ ಮಾತು

ಸ್ಲೈಡ್ ಕಾಣಿಸ್ತಿದೆ ಅಂದುಕೊಳ್ತೇನೆ. 2011ರ ಜನಗಣತಿಯ ಪ್ರಕಾರ ಕೇರಳದಲ್ಲಿ 60 ದಾಟಿದವರು ಶೇ. 12.6, ದೇಶದ ಸರಾಸರಿ ಶೇ. 8.6. ವಯನಾಡಿನಂಥ ಗುಡ್ಡಗಾಡಿನಲ್ಲಿ ಮಕ್ಕಳು ಗಲ್ಫಿಗೋ ಬೆಂಗಳೂರಿಗೋ ಹೋದಮೇಲೆ ಒಂಟಿ ಮನೆಯಲ್ಲಿ ಉಳಿದವರ ಪಾಡು ನಿಮಗೆ ಗೊತ್ತೇ ಇದೆ. ನಾನು ಮಾತಾಡೋದು ಆಶ್ರಮ ಸೇರಿದವರ ಬಗ್ಗೆ.

ಅಲ್ಲಿ ಗಲಾಟೆ ಮಾಡುವವರಿಗೆ ಡಾಕ್ಟರ್ ಬರುತ್ತಾರೆ. ಗೋಡೆ ಕಡೆ ತಿರುಗಿ ಮಲಗಿದವರಿಗೆ "ಪಾಪ, ಏನೂ ತೊಂದರೆ ಕೊಡಲ್ಲ" ಎಂಬ ಮೆಚ್ಚುಗೆ. ಖಿನ್ನತೆ ಕಣ್ತಪ್ಪುವುದು ಈ ಮೆಚ್ಚುಗೆಯಲ್ಲೇ.

ಪತ್ತೆಗೆ ನಾವು ಹೆಚ್ಚಾಗಿ ಬಳಸುವುದು ಜೆರಿಯಾಟ್ರಿಕ್ ಡಿಪ್ರೆಶನ್ ಸ್ಕೇಲ್. 30 ಪ್ರಶ್ನೆಗಳ ಮೂಲವನ್ನು 1986ರಲ್ಲಿ 15ಕ್ಕೆ ಇಳಿಸಿದರು. ಉತ್ತರ ಹೌದು ಅಥವಾ ಇಲ್ಲ. ಅಂಕ 5 ದಾಟಿದರೆ ವಿವರವಾದ ಪರೀಕ್ಷೆ ಬೇಕು. ಹೊರಗೆ ಹೋಗುವುದಕ್ಕಿಂತ ಮನೆಯಲ್ಲೇ ಇರಲು ಇಷ್ಟವೇ, ಹಿಂದಿನ ಚಟುವಟಿಕೆಗಳನ್ನು ಬಿಟ್ಟಿದ್ದೀರಾ ಎಂದೆಲ್ಲ ಅದು ಕೇಳುತ್ತದೆ. ಗೇಟಿಗೆ ಬೀಗ ಇರುವ ಕಡೆ ಇದಕ್ಕೆ ಏನು ಹೇಳಬೇಕು? ಕಾಫಿ ಕೊಯ್ಯುತ್ತಿದ್ದ ಅಜ್ಜಿ ಕೊಯ್ಲು ಬಿಟ್ಟದ್ದು ಮನಸ್ಸು ಕುಗ್ಗಿ ಅಲ್ಲ, ಅಲ್ಲಿ ಗಿಡವೇ ಇಲ್ಲ. ಬರುವ ಅಂಕದಲ್ಲಿ ಸ್ವಲ್ಪ ರೋಗ, ಸ್ವಲ್ಪ ಆಶ್ರಮದ ನಿಯಮ. ನೋಡಿಕೊಳ್ಳುವವರು ಪಕ್ಕದಲ್ಲಿ ನಿಂತಿದ್ದರಂತೂ ಬದುಕಿನ ಬಗ್ಗೆ ಎಲ್ಲರಿಗೂ ತೃಪ್ತಿಯೇ!

ಭಾಷೆಯದು ಇನ್ನೊಂದು ತೊಡಕು. ಪಣಿಯ, ಕುರಿಚ್ಯ, ಕಾಟ್ಟುನಾಯಕರ ಮಾತು ಪಠ್ಯದ ಮಲಯಾಳಂ ಅಲ್ಲ. ಕಾಟ್ಟುನಾಯಕರ ನುಡಿ ಕನ್ನಡಕ್ಕೇ ಹತ್ತಿರ. ನಮ್ಮ ಕನ್ನಡವನ್ನೇ ನೋಡಿ: "ಬೇಜಾರು" ಅಂದರೆ ದುಃಖ, ಹೊತ್ತು ಹೋಗದಿರುವುದು, ಸಿಟ್ಟು, ಮೂರೂ ಹೌದು. ಸ್ಕೇಲ್ ಹೊತ್ತು ಹೋಗದಿರುವುದನ್ನು ಬೇರೆಯಾಗಿಯೇ ಕೇಳುತ್ತದೆ. ಎಷ್ಟೋ ಹಿರಿಯರು ಮನಸ್ಸಿನ ಸುದ್ದಿಯನ್ನೇ ಎತ್ತುವುದಿಲ್ಲ; ಕಾಲುರಿ, ನಿದ್ದೆ ಇಲ್ಲ, ಅನ್ನ ಸೇರಲ್ಲ ಅಂತಾರೆ.

ಹಾಗಂತ ಸ್ಕೇಲ್ ಬಿಸಾಡಿ ಅಂತ ನಾನು ಹೇಳ್ತಿಲ್ಲ. ಖಾಸಗಿಯಾಗಿ, ಅವರ ಮಾತಿನಲ್ಲಿ ಕೇಳಬೇಕು. ಜೊತೆಗೆ ತೂಕ, ನಿದ್ದೆ, ಊಟ ಗಮನಿಸಬೇಕು. ಮರೆವು ಹೆಚ್ಚಿದ್ದವರಲ್ಲಿ ಈ ಸ್ಕೇಲನ್ನು ನಂಬುವುದು ಕಷ್ಟ. ಅವರಿಗೆ 1988ರ ಕಾರ್ನೆಲ್ ಸ್ಕೇಲ್ ಇದೆ, ಅದರಲ್ಲಿ ಆರೈಕೆದಾರರನ್ನೂ ಕೇಳುತ್ತಾರೆ. ಥೈರಾಯ್ಡ್, ಬಿ12 ಕೊರತೆ, ಬೇರೆ ಮಾತ್ರೆಗಳ ಪರಿಣಾಮ ಇವನ್ನೂ ನೋಡಲೇಬೇಕು. ಕಿವಿ ಕೇಳದೆ ಮಾತು ಬಿಟ್ಟವರೂ ಇರುತ್ತಾರೆ. ಖಿನ್ನತೆಯ ಮಾತ್ರೆ ಶುರುವಾದರೆ ಸೋಡಿಯಂ ಮೇಲೆ ಕಣ್ಣಿರಲಿ. ವಯಸ್ಸಾದವರಲ್ಲಿ ಅದು ಇಳಿಯುವ ಅಪಾಯ ಜಾಸ್ತಿ.

ಮಾತ್ರೆಯ ಜೊತೆಗೆ ಕೆಲಸವೂ ಬೇಕು. ಭಜನೆ, ಟಿವಿ ಅಲ್ಲ. ಸೊಪ್ಪು ಬಿಡಿಸುವುದು, ನಾಲ್ಕು ಮೆಣಸಿನ ಬಳ್ಳಿಗೆ ನೀರು ಹಾಕುವುದು, ತಾವೇ ಆರಿಸಿಕೊಂಡದ್ದು. ಆ ಆಯ್ಕೆ ಕೊಡಲು ಆಶ್ರಮ ಒಪ್ಪುತ್ತದೆಯೇ ಎಂಬುದನ್ನು ನಮ್ಮ ಅಧ್ಯಯನಗಳು ಕೇಳುವುದು ಬಹಳ ಕಡಿಮೆ. ಇನ್ನು ನಿಮ್ಮ ಪ್ರಶ್ನೆಗಳು.